ಕುರ್ಚಿ ಬರುವ ಮೊದಲು ನಿದ್ದೆ ಹೋಗಿತ್ತು: ಬೈಪೋಲಾರ್ ಜೊತೆ ಬದುಕುವುದು ಹೇಗೆ?

11 ವರ್ಷದ ಹಿಂದೆ, ಬೇಸಿಗೆ ರಜೆಯಲ್ಲಿ, ನಾನು 18 ಪ್ಲಾಸ್ಟಿಕ್ ಟೇಬಲ್, 72 ಕುರ್ಚಿ ಕೊಂಡುಕೊಂಡೆ. ಹೋಟೆಲ್ ಇಡಬೇಕು ಅಂತ. ಜಾಗ ನೋಡಿರಲಿಲ್ಲ, ಅಡುಗೆಯವರನ್ನು ಹುಡುಕಿರಲಿಲ್ಲ. ನನಗೆ ಉಪ್ಪಿಟ್ಟು ಮಾಡಲೂ ಬರುವುದಿಲ್ಲ. ನಾನು ಹೈಸ್ಕೂಲಿನ ಗಣಿತ ಮೇಷ್ಟ್ರು.

ಮಳೆ ಹಿಡಿಯುವ ಹೊತ್ತಿಗೆ ಕುರ್ಚಿಗಳು ಹಾಲ್‌ನಲ್ಲಿ ಸೂರು ಮುಟ್ಟುವ ಹಾಗೆ ಪೇರಿಸಿಕೊಂಡಿದ್ದವು. ನಾನು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಸ್ನಾನಕ್ಕೆ ಹೋಗು ಅಂದರೆ ಅಳು ಬರುತ್ತಿತ್ತು. ಅಮ್ಮ ತಾಯಿತ ಕಟ್ಟಿಸಿದರು. ಪಕ್ಕದ ಮನೆಯವರು ಗಾಳಿ ಸೋಕಿದೆ ಅಂದರು. ಕೊನೆಗೆ ಹೆಂಡತಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರ್ ಒಂದು ವಿಚಿತ್ರ ಪ್ರಶ್ನೆ ಕೇಳಿದರು: "ಕುರ್ಚಿ ತರೋದಕ್ಕೆ ಮುಂಚೆ ಇವರು ರಾತ್ರಿ ಎಷ್ಟು ಹೊತ್ತು ಮಲಗ್ತಿದ್ರು?" ಹೆಂಡತಿ ಯೋಚಿಸಿ ಹೇಳಿದಳು. ಒಂಬತ್ತು ದಿನದಿಂದ ಮೂರು ಗಂಟೆ, ಹೆಚ್ಚೆಂದರೆ ನಾಲ್ಕು. ಆದರೂ ಸುಸ್ತೇ ಇರಲಿಲ್ಲ.

ಈ ಲೇಖನ ಅಲ್ಲಿಂದ ಶುರುವಾಗುತ್ತದೆ. ನನಗಿರುವುದು ಬೈಪೋಲಾರ್: ಮನಸ್ಸು ಕೆಲವು ಕಾಲ ಅತಿ ಹುರುಪಿಗೆ ಏರುವ, ಕೆಲವು ಕಾಲ ಡಿಪ್ರೆಶನ್‌ಗೆ ಕುಸಿಯುವ ಕಾಯಿಲೆ. ಬೈಪೋಲಾರ್ ಇರುವ ಬಹಳ ಜನರಲ್ಲಿ ಮನಸ್ಸು ಏರುವ ಮೊದಲು ನಿದ್ದೆ ಇಳಿಯುತ್ತದೆ. ಆ ಇಳಿತ ಕಣ್ಣಿಗೆ ಬಿದ್ದರೆ ಕುರ್ಚಿ ಮನೆಗೆ ಬರುವುದನ್ನು ತಡೆಯಬಹುದು.

ಮೊದಲು, ಇದು ಬೈಪೋಲಾರ್ ಹೌದೋ ಅಲ್ಲವೋ

ಬೆಳಿಗ್ಗೆ ನಗು, ಸಂಜೆ ಸಿಟ್ಟು. ಅದಕ್ಕೆಲ್ಲ ಈಗ ಬೈಪೋಲಾರ್ ಅನ್ನುವುದು ಫ್ಯಾಷನ್ ಆಗಿದೆ. ಅದಲ್ಲ ಇದು. ಇಲ್ಲಿ ಲೆಕ್ಕ ಗಂಟೆಗಳಲ್ಲಿ ಅಲ್ಲ, ದಿನಗಳಲ್ಲಿ. ಮೇನಿಯಾ ಅನ್ನಬೇಕಾದರೆ ಆ ಏರು ಸಾಮಾನ್ಯವಾಗಿ ಒಂದು ವಾರವಾದರೂ ಇರಬೇಕು, ಇಲ್ಲವೇ ಆಸ್ಪತ್ರೆಗೆ ಸೇರಿಸುವಷ್ಟು ಜೋರಾಗಿರಬೇಕು. ನಿದ್ದೆ ಬೇಡ, ಮಾತು ನಿಲ್ಲದು, ಒಂದು ಯೋಚನೆ ಮುಗಿಯುವ ಮೊದಲೇ ಇನ್ನೊಂದು. ಕೈಯಲ್ಲಿ ಕಾಸು ನಿಲ್ಲದು. ಕೆಲವರಿಗೆ ಖುಷಿಗಿಂತ ಸಿಟ್ಟೇ ಜಾಸ್ತಿ. ಇದಕ್ಕಿಂತ ಹಗುರವಾದದ್ದು ಹೈಪೋಮೇನಿಯಾ, ಅದಕ್ಕೆ ನಾಲ್ಕು ದಿನದ ಲೆಕ್ಕ. ಡಿಪ್ರೆಶನ್ ಕನಿಷ್ಠ ಎರಡು ವಾರ.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ನಾವು ಡಾಕ್ಟರ ಹತ್ತಿರ ಹೋಗುವುದು ಕುಸಿದಾಗ. ಏರಿದ್ದಾಗ ಯಾರು ಹೋಗುತ್ತಾರೆ? ಆಗ ಲೋಕವೇ ನಮ್ಮದು! ಹಾಗಾಗಿ ಡಾಕ್ಟರಿಗೆ ಕಾಣುವುದು ಡಿಪ್ರೆಶನ್ ಮಾತ್ರ. ಬೈಪೋಲಾರ್ ಇದ್ದವರಿಗೆ ಬರೀ ಡಿಪ್ರೆಶನ್ ಮಾತ್ರೆ ಕೊಟ್ಟರೆ ಕೆಲವೊಮ್ಮೆ ಅದೇ ಮೇನಿಯಾಕ್ಕೆ ದೂಡುತ್ತದೆ. ಆದ್ದರಿಂದ ಹಿಂದೆ ಯಾವಾಗಲಾದರೂ ಅತಿ ಹುರುಪಿನ ದಿನಗಳು ಇದ್ದವಾ ಎಂಬುದನ್ನು ಕೇಳದಿದ್ದರೂ ಹೇಳಿ. ವಂಶದಲ್ಲಿ ಯಾರಿಗಾದರೂ ಇತ್ತಾ, ಅದನ್ನೂ ಹೇಳಿ. ಸಾಧ್ಯವಿದ್ದರೆ ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಏರಿನ ಕಥೆ ನಮಗಿಂತ ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ಎಲ್ಲಿಗೆ ಹೋಗಬೇಕು? ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಆದರೆ ತಿಂಗಳು ತಿಂಗಳು ಅಷ್ಟು ದೂರ ಓಡಾಡಬೇಕಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಸುವ ವ್ಯವಸ್ಥೆ ರಾಜ್ಯದಲ್ಲಿದೆ. ಯಾವ ಮಂಗಳವಾರ ಡಾಕ್ಟರ್ ಬರುತ್ತಾರೆ ಅಂತ ಮೊದಲೇ ಕೇಳಿಕೊಂಡು ಹೋಗಿ. ನಿಮ್ಹಾನ್ಸ್ 2015-16ರಲ್ಲಿ ಮುಂದೆ ನಿಂತು ಮಾಡಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಈ ಕಾಯಿಲೆ ಇರುವ 100 ಜನರಲ್ಲಿ ಸುಮಾರು 70 ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಹರಕೆ ಹೊರಿ, ದೇವಸ್ಥಾನಕ್ಕೆ ಹೋಗಿ, ತಪ್ಪೇನಿಲ್ಲ. ನನ್ನ ತಾಯಿತ ಇನ್ನೂ ಇದೆ. ಬರುವಾಗ ದಾರಿಯಲ್ಲಿ ಆಸ್ಪತ್ರೆಗೂ ಹೋಗಿ ಬನ್ನಿ.

ನೋಟ್‌ಬುಕ್: ದಿನಕ್ಕೆ ಒಂದೇ ಸಾಲು

100 ಪುಟದ ಗೆರೆ ಪುಸ್ತಕ ಸಾಕು. ಮೊಬೈಲ್ ಆ್ಯಪ್‌ಗಳಿವೆ, ನನಗೆ ಒಗ್ಗಲಿಲ್ಲ. ರಾತ್ರಿ ಅಂಕ ಹಾಕಲು ಫೋನ್ ತೆಗೆದರೆ ಅರ್ಧ ಗಂಟೆ ರೀಲ್ಸ್ ನೋಡಿಯೇ ಇಡುವುದು.

ಐದು ಕಾಲಂ ಹಾಕಿ. ಮಲಗಿದ್ದು ಎಷ್ಟಕ್ಕೆ. ಎದ್ದದ್ದು ಎಷ್ಟಕ್ಕೆ. ಮನಸ್ಸಿನ ಅಂಕ. ಮಾತ್ರೆ ತೆಗೆದುಕೊಂಡೆನಾ. ಕೊನೆಯದು ಮನೆಯವರ ಕಾಲಂ. ಹೆಣ್ಣುಮಕ್ಕಳು ಮುಟ್ಟಿನ ದಿನವನ್ನೂ ಗುರುತು ಹಾಕಿಕೊಳ್ಳಿ. ಕೆಲವರಿಗೆ ಏರಿಳಿತ ಅದರ ಜೊತೆಗೇ ಬರುತ್ತದೆ.

ಮನಸ್ಸಿನ ಅಂಕ ಅಂದರೆ ನಾವು ಆರನೇ ಕ್ಲಾಸಿನಲ್ಲಿ ಹೇಳಿಕೊಡುವ ಸಂಖ್ಯಾರೇಖೆ. ನಡುವೆ ಸೊನ್ನೆ. ಬಲಕ್ಕೆ +5, ಎಡಕ್ಕೆ -5. ಸೊನ್ನೆ ಅಂದರೆ ಮಾಮೂಲಿ ದಿನ. ತಿಂಡಿ ತಿಂದೆ, ಕೆಲಸಕ್ಕೆ ಹೋದೆ, ಒಂದಿಬ್ಬರ ಮೇಲೆ ರೇಗಿದೆ, ಬಂದು ಮಲಗಿದೆ. ನನಗೆ +2 ಅಂದರೆ ಹಳೆಯ ವಿದ್ಯಾರ್ಥಿಗಳಿಗೆಲ್ಲ ಫೋನ್ ಮಾಡುವುದು. +3 ಅಂದರೆ ಅವರಿಗೆ ಬಿಸಿನೆಸ್ ಐಡಿಯಾ ಹೇಳುವುದು. -2 ಅಂದರೆ ಪೇಪರ್ ಬಿಡಿಸಿ ತಲೆಬರಹ ಓದಿ ಮಡಚಿಡುವುದು. -3ರಲ್ಲಿ ಗಡ್ಡ ಬೋಳಿಸುವುದಿಲ್ಲ. ನಿಮ್ಮ ಅಂಕಗಳಿಗೆ ನಿಮ್ಮವೇ ಗುರುತು ಬರೆದುಕೊಳ್ಳಿ. "ಸ್ವಲ್ಪ ಬೇಜಾರು", "ತುಂಬಾ ಖುಷಿ" ಅಂತ ಬರೆದರೆ ಆಮೇಲೆ ಏನೂ ತಿಳಿಯುವುದಿಲ್ಲ.

ಮನೆಯವರ ಕಾಲಂ ಯಾಕೆ ಅಂದರೆ, ಏರುವಾಗ ನಮ್ಮ ತಕ್ಕಡಿಯೇ ಕೆಟ್ಟಿರುತ್ತದೆ. ಒಮ್ಮೆ ನಾನು ನಾಲ್ಕು ದಿನ ಸಾಲಾಗಿ ಸೊನ್ನೆ ಹಾಕಿದ್ದೆ. ಪಕ್ಕದಲ್ಲಿ ಹೆಂಡತಿ +2, +2, +3, +3 ಹಾಕಿದ್ದಳು. "ರೀ, ನೀವು ಸ್ಕೂಟರ್‌ಗೆ ಕಿಕ್ ಹೊಡೆಯೋ ಸದ್ದೇ ಬೇರೆ ಆಗಿದೆ" ಅಂದಳು. ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದೇ ಅವಳ ಅಂಕ ಸರಿ ಎನ್ನುವುದಕ್ಕೆ ಸಾಕ್ಷಿ.

ಇನ್ನು ಗೆರೆ. ಯಾವ ಹಂತ ದಾಟಿದರೆ ಡಾಕ್ಟರಿಗೆ ಫೋನ್ ಮಾಡಬೇಕು ಎಂಬುದನ್ನು ಚೆನ್ನಾಗಿರುವಾಗಲೇ ಅವರೊಂದಿಗೆ ಮಾತಾಡಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ನನ್ನದು ಹೀಗಿದೆ: ಎರಡು ರಾತ್ರಿ ಸಾಲಾಗಿ ಐದು ಗಂಟೆಗಿಂತ ಕಡಿಮೆ ನಿದ್ದೆ, ಆದರೂ ಸುಸ್ತಿಲ್ಲ ಅಂದರೆ ಮೂರನೇ ಬೆಳಿಗ್ಗೆ ಫೋನ್. ನನಗೆ ಇಷ್ಟ ಇರಲಿ ಬಿಡಲಿ, ಹೆಂಡತಿ ಮಾಡುತ್ತಾಳೆ.

ಮಾತ್ರೆ, ಅದರಲ್ಲೂ ಲಿಥಿಯಂ

ಬೈಪೋಲಾರ್‌ಗೆ ಹಲವು ಔಷಧಿಗಳಿವೆ. ಲಿಥಿಯಂ ಹಳೆಯದು, ಅಗ್ಗದ್ದು. ಆಸ್ಟ್ರೇಲಿಯಾದ ಡಾಕ್ಟರ್ ಜಾನ್ ಕೇಡ್ ಮೇನಿಯಾಕ್ಕೆ ಇದು ಕೆಲಸ ಮಾಡುತ್ತದೆ ಎಂದು ಬರೆದದ್ದು 1949ರಲ್ಲಿ. ಆತ್ಮಹತ್ಯೆಯ ಅಪಾಯವನ್ನೂ ಇದು ತಗ್ಗಿಸುತ್ತದೆ. ಆದರೆ ಇದನ್ನು ನುಂಗುವವರು ಒಂದು ಸಂಗತಿ ತಿಳಿದಿರಲೇಬೇಕು. ಬೇಕಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಜಾಗ ಕಡಿಮೆ. ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಸಾಮಾನ್ಯವಾಗಿ ಸರಿ. 1.5 ದಾಟಿದರೆ ತೊಂದರೆ. ಅದಕ್ಕೇ ಆಗಾಗ ರಕ್ತ ಪರೀಕ್ಷೆ. ಕೊನೆಯ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ ರಕ್ತ ಕೊಡಬೇಕು. ರಾತ್ರಿ 9ಕ್ಕೆ ನುಂಗಿದರೆ ಬೆಳಿಗ್ಗೆ 9ಕ್ಕೆ. ಬೆಳಿಗ್ಗೆಯ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೆ. ಕಿಡ್ನಿ, ಥೈರಾಯ್ಡ್ ಪರೀಕ್ಷೆ ಆರು ತಿಂಗಳಿಗೊಮ್ಮೆ.

ಲಿಥಿಯಂ ಒಂದು ಬಗೆಯ ಉಪ್ಪು. ಮೈಯಲ್ಲಿ ಉಪ್ಪು, ನೀರು ಕಡಿಮೆಯಾದರೆ ಕಿಡ್ನಿ ಸೋಡಿಯಂ ಜೊತೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಬೆವರಿ ನೀರು ಕುಡಿಯದಿದ್ದರೂ ಇದೇ ಕಥೆ. ವಾಂತಿ ಭೇದಿ ಆದರೂ, ಏಕಾದಶಿಗೆ ನೀರೂ ಮುಟ್ಟದೆ ಉಪವಾಸ ಮಾಡಿದರೂ ಇದೇ ಕಥೆ. ರಂಜಾನ್ ಉಪವಾಸ ಮಾಡುವವರು ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ಯಾರೋ ಹೇಳಿದರು ಅಂತ ಒಂದೇ ಸಲಕ್ಕೆ ಉಪ್ಪು ಬಿಡಬೇಡಿ.

ಇನ್ನೊಂದು ಶತ್ರು ನೋವಿನ ಮಾತ್ರೆ. ಮೂರು ವರ್ಷದ ಹಿಂದೆ ಮಂಡಿ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತಂದೆ. ಲಿಥಿಯಂ ನುಂಗುತ್ತೇನೆ ಅಂತ ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಐದನೇ ದಿನ ಬೋರ್ಡ್ ಮೇಲೆ ವೃತ್ತ ಬರೆಯಲು ಹೋದೆ, ಕೈ ಅದುರಿ ಹಲಸಿನಕಾಯಿ ಆಯಿತು. ಮಕ್ಕಳು ನಕ್ಕರು, ನಾನೂ ನಕ್ಕೆ. ಸಂಜೆಗೆ ಮೆಟ್ಟಿಲು ಇಳಿಯುವಾಗ ಕಾಲು ತೂರಾಡಿತು, ಮಾತು ತೊದಲಿತು. ಆಸ್ಪತ್ರೆಗೆ ಹೋಗಿ ಎರಡು ದಿನ ಡ್ರಿಪ್ ಹಾಕಿಸಿಕೊಂಡೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಂಪಿನ ಮಾತ್ರೆಗಳು ಲಿಥಿಯಂ ಮಟ್ಟ ಏರಿಸುತ್ತವೆ. ಕೆಲವು ಬಿಪಿ ಮಾತ್ರೆಗಳೂ ಅಷ್ಟೇ. ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನ ಡಾಕ್ಟರೇ ಆಗಲಿ, ಲಿಥಿಯಂ ನುಂಗುತ್ತೇನೆ ಎಂಬುದೇ ಮೊದಲ ಮಾತಾಗಿರಲಿ. ಕೈ ಜೋರಾಗಿ ಅದುರುವುದು, ವಾಂತಿ, ಭೇದಿ, ತೊದಲು, ತೂರಾಟ ಕಂಡರೆ ನಾಳೆ ಅನ್ನದೆ ಆಸ್ಪತ್ರೆಗೆ ಹೋಗಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಬೈಪೋಲಾರ್‌ಗೆ ಕೊಡುವ ವಾಲ್‌ಪ್ರೊಯೇಟ್ ಎಂಬ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಮಗು ಬೇಕು ಅನ್ನಿಸಿದ ದಿನವೇ ಡಾಕ್ಟರಿಗೆ ಹೇಳಿ, ಬಸುರಾದ ಮೇಲೆ ಅಲ್ಲ. ಹಾಗಂತ ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ. ಬಾಣಂತನದ ಮೊದಲ ವಾರಗಳಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಬಹಳ. ರಾತ್ರಿ ಮಗುವನ್ನು ಎತ್ತಿಕೊಳ್ಳಲು ಇನ್ನೊಬ್ಬರು ಇರಲಿ. "ಮದುವೆ ಮಾಡಿದರೆ ಸರಿಹೋಗುತ್ತೆ" ಎನ್ನುವ ಹಿರಿಯರಿಗೆ ಈ ಪ್ಯಾರಾ ಓದಿ ಹೇಳಿ.

ಚೆನ್ನಾಗಿದ್ದೇನೆ, ಇನ್ನು ಮಾತ್ರೆ ಯಾಕೆ? ನನಗೂ ಅನ್ನಿಸಿತ್ತು. ಎರಡನೇ ವರ್ಷ ಬಿಟ್ಟೆ. ಆರನೇ ವಾರ ಆಸ್ಪತ್ರೆಯಲ್ಲಿದ್ದೆ.

ಜಾಗರಣೆ, ಮದುವೆ, ನೈಟ್ ಬಸ್

ನಮ್ಮ ಊರುಗಳಲ್ಲಿ ನಿದ್ದೆಗೆಡುವುದೇ ಹಬ್ಬ. ಶಿವರಾತ್ರಿ, ಬೆಳತನಕ ಯಕ್ಷಗಾನ, ಜಾತ್ರೆ, ಮದುವೆಯ ಹಿಂದಿನ ರಾತ್ರಿ. ಯಕ್ಷಗಾನದ ಆಟ ಬಿಡುವುದು ನನಗೆ ಕಷ್ಟವಾಯಿತು. ಈಗ ರಾತ್ರಿ ಹತ್ತೂವರೆಗೇ ಎದ್ದು ಮನೆಗೆ ಬರುತ್ತೇನೆ, ಉಳಿದ ಕಥೆ ಬೆಳಿಗ್ಗೆ ಭಾವನ ಬಾಯಲ್ಲಿ ಕೇಳುತ್ತೇನೆ. ಸ್ಲೀಪರ್ ಬಸ್ಸಿಗಿಂತ ಹಗಲು ರೈಲು. ಏಳುವ ಹೊತ್ತು ಭಾನುವಾರವೂ ಒಂದೇ. ಸಂಜೆ ನಾಲ್ಕರ ನಂತರ ಕಾಫಿ ಇಲ್ಲ. ಕುಡಿತ ಬೇಡ. ನೈಟ್ ಶಿಫ್ಟ್ ಇರುವವರು ಡಾಕ್ಟರ ಚೀಟಿ ತೋರಿಸಿ ಹಗಲು ಪಾಳಿ ಕೇಳಿ ನೋಡಿ. ಯಾಕೆ ಅಂತ ಆಫೀಸಿನಲ್ಲಿ ಎಲ್ಲರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ದುಡ್ಡಿಗೆ ಕಟ್ಟೆ

ಇದನ್ನು ಸೊನ್ನೆಯ ದಿನಗಳಲ್ಲಿ ಮಾಡಬೇಕು. ಉಳಿತಾಯದ ದೊಡ್ಡ ಪಾಲು ಇಬ್ಬರ ಸಹಿ ಬೇಕಾದ ಜಂಟಿ ಖಾತೆಯಲ್ಲಿ ಇಡಿ. ಫೋನಿನ ಯುಪಿಐ ಸಣ್ಣ ಮೊತ್ತದ ಖಾತೆಗಷ್ಟೇ ಜೋಡಿಸಿರಲಿ. ಸಾಲದ ಆ್ಯಪ್ ಬೇಡವೇ ಬೇಡ. 5,000 ರೂಪಾಯಿ ದಾಟಿದ ಯಾವುದೇ ಖರೀದಿಗೆ ಎರಡು ರಾತ್ರಿ ಕಾಯುವುದು ನಮ್ಮ ಮನೆಯ ನಿಯಮ.

ನಮ್ಮಿಬ್ಬರ ನಡುವೆ ಒಂದು ಗುಟ್ಟಿನ ಪದ ಇದೆ: "ಕುರ್ಚಿ." ಹೆಂಡತಿ ಆ ಪದ ಹೇಳಿದರೆ ನಾನು ಎಟಿಎಂ ಕಾರ್ಡ್ ಕೊಡಬೇಕು. ವಾದ ಇಲ್ಲ. ಏರಿದವರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಮನೆಯವರೇ, ದನಿ ತಗ್ಗಿಸಿ, ಮಾತು ಚಿಕ್ಕದಿರಲಿ, ನೆಂಟರನ್ನೆಲ್ಲ ಸೇರಿಸಿ ಪಂಚಾಯ್ತಿ ಮಾಡಬೇಡಿ. ಕುಸಿದಾಗ "ಸುಮ್ನೆ ಯೋಚನೆ ಮಾಡ್ಬೇಡ, ಮನಸ್ಸು ಗಟ್ಟಿ ಮಾಡ್ಕೋ" ಅನ್ನಬೇಡಿ. "ಏಳು, ಮುಖ ತೊಳ್ಕೋ, ಹೊರಗೆ ಕೂತು ಕಾಫಿ ಕುಡಿಯೋಣ" ಅನ್ನಿ. ಅಷ್ಟು ಸಣ್ಣ ಕೆಲಸವಾದರೆ ಆಗುತ್ತದೆ.

ಕಾಗದದ ಕೆಲಸ

2017ರ ಮಾನಸಿಕ ಆರೋಗ್ಯ ಕಾಯ್ದೆ ನಮಗೊಂದು ಹಕ್ಕು ಕೊಟ್ಟಿದೆ. ಮುಂದೆ ನನಗೆ ನಿರ್ಧಾರ ಮಾಡುವ ಶಕ್ತಿ ಇಲ್ಲದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು ಎಂದು ಈಗಲೇ ಬರೆದಿಡಬಹುದು. ತುರ್ತು ಚಿಕಿತ್ಸೆಗೆ ಇದು ಅನ್ವಯಿಸುವುದಿಲ್ಲ. ಹೇಗೆ ಬರೆಯುವುದು, ಎಲ್ಲಿ ನೋಂದಾಯಿಸುವುದು ಎಂದು ಆಸ್ಪತ್ರೆಯ ಸೋಷಿಯಲ್ ವರ್ಕರ್‌ ಅವರನ್ನು ಕೇಳಿ. ಮೈ ಕಾಯಿಲೆಗೆ ಹೇಗೋ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಪಾಲಿಸಿಯ ಸಣ್ಣ ಅಕ್ಷರ ಓದಿ ನೋಡಿ.

ಸಾಯಬೇಕು ಅನ್ನಿಸಿದರೆ

ಕುಸಿದಾಗ ಈ ಯೋಚನೆ ಬರಬಹುದು. ಏರು ಇಳಿಯುವ ಹೊತ್ತಿನಲ್ಲೂ ಬರಬಹುದು. ಬಂದರೆ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ. ಕೇಳುವವರು ನೇರವಾಗಿ ಕೇಳಿ: "ಸಾಯೋ ಯೋಚನೆ ಬರ್ತಿದೆಯಾ?" ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲ. ತೋಟ, ಗದ್ದೆ ಇರುವ ಮನೆಯವರು ಬೆಳೆಗೆ ಹೊಡೆಯುವ ಔಷಧಿ ಡಬ್ಬಿಗಳನ್ನು ಮನೆಯಿಂದಲೇ ಹೊರಗೆ ಸಾಗಿಸಿ. ಮಾತ್ರೆಯ ಪೆಟ್ಟಿಗೆ ಇನ್ನೊಬ್ಬರ ಬೀಗದಲ್ಲಿರಲಿ. ಒಬ್ಬರೇ ಇರಲು ಬಿಡಬೇಡಿ. ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಕೈಮೀರಿದರೆ 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಿ. ಈ ಎರಡು ನಂಬರ್ ನಮ್ಮ ನೋಟ್‌ಬುಕ್‌ನ ರಟ್ಟಿನ ಮೇಲೆ ದಪ್ಪ ಪೆನ್ನಿನಲ್ಲಿ ಬರೆದಿವೆ.

ಟೇಬಲ್‌ಗಳನ್ನು ಅರ್ಧ ಬೆಲೆಗೆ ಮಾರಿದೆವು. ಕುರ್ಚಿಗಳಲ್ಲಿ 40 ಮದುವೆಗೆ ಬಾಡಿಗೆ ಕೊಡುವವರ ಪಾಲಾದವು. ಉಳಿದವು ಬೀದಿಯ ಗಣೇಶೋತ್ಸವಕ್ಕೆ ವರ್ಷ ವರ್ಷ ಹೋಗಿ ಬರುತ್ತವೆ. ನಿನ್ನೆಯ ಸಾಲು ಹೀಗಿದೆ: ಮಲಗಿದ್ದು 10.20, ಎದ್ದದ್ದು 5.45, ಅಂಕ 0, ಮಾತ್ರೆ ಆಯಿತು. ಕೊನೆಯ ಕಾಲಂನಲ್ಲಿ ಹೆಂಡತಿಯ ಅಕ್ಷರ: "0. ಗೊರಕೆ ಮಾತ್ರ +4."