ಪಾಟ್‌ಲಕ್‌ಗೆ ಏನ್ ಮಾಡ್ಕೊಂಡ್ ಬರೋದು? ಹೊಸಬರಿಗೆ ಮಾರ್ಗದರ್ಶಿ, ಊಟದ ಭಾಗ

ಮನೆ ಹುಡುಕೋದು, ಲೈಸೆನ್ಸು, ಮಕ್ಕಳ ಸ್ಕೂಲು ಇವೆಲ್ಲ ಬೇರೆ ಭಾಗಗಳಲ್ಲಿವೆ, ಇದು ಬರೀ ಊಟದ್ದು. ಇದನ್ನ ನಾನು ಬರೀತೀನಿ ಅಂತ ಕಮಿಟೀಲಿ ನಾನೇ ಕೈ ಎತ್ತಿದ್ದು, ಯಾಕಂದ್ರೆ ಈ ವಿಷಯದಲ್ಲಿ ನನ್ನಷ್ಟು ಪೇಚಿಗೆ ಸಿಕ್ಕಿದವರು ನಮ್ಮ ಕೂಟದಲ್ಲಿ ಇನ್ನೊಬ್ರಿಲ್ಲ.

ನಾವು ಅಮೆರಿಕಕ್ಕೆ ಬಂದ ಮೂರನೇ ವಾರಕ್ಕೆ ಯುಗಾದಿ. "ಭಾನುವಾರ ಪಾಟ್‌ಲಕ್ ಇದೆ, ಬಂದ್ಬಿಡಿ" ಅಂತ ಫೋನ್ ಬಂತು. ನಮ್ ಕಡೆ ಊಟಕ್ಕೆ ಕರೆದ್ರೆ ಹಣ್ಣು ಹೂವು ತಗೊಂಡು ಹೋಗ್ತೀವಿ, ಅಷ್ಟೇ ತಾನೆ, ನಾವೂ ಒಂದು ಡಜನ್ ಬಾಳೆಹಣ್ಣು ಹಿಡ್ಕೊಂಡು ಹೋದ್ವಿ. ಬಾಗಿಲಲ್ಲಿ ನೋಡಿದ್ರೆ ಒಬ್ಬೊಬ್ರ ಕೈಲೂ ಫಾಯಿಲ್ ಮುಚ್ಚಿದ ದೊಡ್ಡ ದೊಡ್ಡ ಟ್ರೇ. ಯಾರೂ ಏನೂ ಅನ್ನಲಿಲ್ಲ, ಒಬ್ಬ ಆಂಟಿ ಆ ಬಾಳೆಹಣ್ಣನ್ನ ಹೋಳು ಮಾಡಿ ಸಿಹಿ ಟೇಬಲ್ ಮೇಲೆ ಜೋಡಿಸಿದ್ರು, ಅದನ್ನ ನೋಡಿ ನನಗೆ ಇನ್ನೂ ನಾಚಿಕೆ ಆಯ್ತು. ಆದ್ರಿಂದ ಮೊದಲನೇ ಮಾತು: ಪಾಟ್‌ಲಕ್ ಅಂದ್ರೆ ಪ್ರತಿ ಮನೆಯವರೂ ಒಂದೊಂದು ಅಡುಗೆ ಮಾಡ್ಕೊಂಡು ಬರ್ಬೇಕು, ಎಲ್ಲರೂ ಎಲ್ಲರದ್ದನ್ನೂ ತಿನ್ಬೇಕು. ಕರೆದವರ ಮನೇಲಿ ಅಡುಗೆ ಆಗಿರಲ್ಲ.

ಶೀಟ್‌ನಲ್ಲಿ ಬರೆಯೋದು

ವಾಟ್ಸಾಪ್ ಗ್ರೂಪಲ್ಲಿ ಗೂಗಲ್ ಶೀಟ್ ಲಿಂಕ್ ಬರತ್ತೆ. ಹೆಸರು, ಅಡುಗೆ, ಎಷ್ಟು ಜನಕ್ಕೆ. "ರೈಸ್ ಐಟಂ" ಅಂತ ಬರೀಬೇಡಿ, ದಯವಿಟ್ಟು. ಒಂದು ವರ್ಷ ಹಂಗೆ ಬರೆದವರು ಹನ್ನೊಂದು ಮನೆಯವರು, ಬಂದಿದ್ದು ಹನ್ನೊಂದು ಟ್ರೇ ಚಿತ್ರಾನ್ನ, ಸಾರು ಒಂದೂ ಇಲ್ಲ, ಪಲ್ಯ ಒಂದೂ ಇಲ್ಲ. ಅವತ್ತು ಮನೆಗೆ ಹೋಗಿ ಕೈ ತೊಳೆದ್ರೂ ಅರಿಶಿನ ಹೋಗಿರಲಿಲ್ಲ. ಬರೆದಿದ್ದನ್ನೇ ಮಾಡಿ, ಕೊನೇ ಗಳಿಗೇಲಿ ಬದಲಾದ್ರೆ ಶೀಟಲ್ಲೂ ಬದಲಾಯಿಸಿ. ಟೈಮ್ ಸಿಗಲಿಲ್ಲ ಅಂದ್ರೆ ಅಂಗಡಿಯಿಂದ ತನ್ನಿ, ಯಾರೂ ಏನೂ ಅಂದ್ಕೊಳಲ್ಲ, ಆದ್ರೆ ಫ್ರೋಜನ್ ಹೋಳಿಗೆ ಬಿಸಿ ಮಾಡಿ ತುಪ್ಪ ಸವರಿ "ನಾನೇ ತಟ್ಟಿದ್ದು" ಅನ್ಬೇಡಿ, ಇಲ್ಲಿರೋ ಆಂಟಿಯಂದಿರು ಅಂಚು ನೋಡಿಯೇ ಕಂಡುಹಿಡೀತಾರೆ.

ಅಳತೆ: ಎಲ್ಲರ ತಟ್ಟೇಲೂ ಹತ್ತು ಹನ್ನೆರಡು ಐಟಂ ಇರತ್ತೆ, ಒಬ್ಬರು ನಿಮ್ಮದನ್ನ ಎರಡು ಚಮಚ ಹಾಕ್ಕೊಳ್ತಾರೆ ಅಷ್ಟೇ. ಒಂದು ಹಾಫ್ ಟ್ರೇ ಸಾಕು. ಇಪ್ಪತ್ತು ಜನ ಬರ್ತಾರೆ ಅಂತ ಇಪ್ಪತ್ತು ಜನರ ಹೊಟ್ಟೆ ತುಂಬೋಷ್ಟು ಮಾಡ್ಬೇಡಿ. ಊರಲ್ಲಿ ಮದುವೆ ಮನೇಲಿ ಕಡಿಮೆ ಬಿದ್ರೆ ಮಾನ ಹೋಗತ್ತೆ, ಇಲ್ಲಿ ಹಂಗೇನಿಲ್ಲ, ಟ್ರೇ ಖಾಲಿ ಆದ್ರೆ ನಿಮಗೇ ಹೆಮ್ಮೆ.

ಯಾವುದು ತಡೆಯತ್ತೆ, ಯಾವುದು ತಡೆಯಲ್ಲ

ಬಾಳೆಹಣ್ಣಿನ ಅವಮಾನ ತೊಳ್ಕೊಳ್ಳೋಕೆ ಅಂತ ಎರಡನೇ ಪಾಟ್‌ಲಕ್‌ಗೆ ನಲವತ್ತು ಅಕ್ಕಿ ರೊಟ್ಟಿ ತಟ್ಟಿದೆ, ಬೆಳಗ್ಗೆ ಐದಕ್ಕೆ ಎದ್ದು. ಒಂದೊಂದೂ ಹೆಂಚಿಂದ ಇಳಿದಾಗ ಏನ್ ಘಮ ಅಂತೀರ, ಸಬ್ಬಸಿಗೆ ಸೊಪ್ಪು, ಕಾಯಿತುರಿ. ಒಂದು ಗಂಟೆಗೆ ಫಾಯಿಲ್ ಬಿಚ್ಚಿದ್ರೆ ಚಕ್ಕಳ. ಒಬ್ಬ ಅಂಕಲ್ ಎರಡು ಕೈಲೂ ಹಿಡಿದು ಎಳೆದ್ರು, ಹರೀಲಿಲ್ಲ, "ಚೆನ್ನಾಗಿದೆ ಕಣಮ್ಮ" ಅಂದ್ರು ಪಾಪ. ಅವತ್ತಿಂದ ನಾನು ಅಡುಗೆ ಆರಿಸೋದು ಒಂದೇ ಪ್ರಶ್ನೆ ಇಟ್ಕೊಂಡು, ಒಲೆಯಿಂದ ಇಳಿಸಿ ಮೂರು ಗಂಟೆ ಆದ್ಮೇಲೆ ಇದು ಹೆಂಗಿರತ್ತೆ? ನಿಮ್ಮನೇಲಿ ಏನು ಫೇಮಸ್ಸು ಅನ್ನೋದು ಆಮೇಲಿನ ಮಾತು.

ಪುಳಿಯೋಗರೆ ಇದಕ್ಕೆಲ್ಲ ರಾಜ. ಹುಣಸೆಹುಳಿ, ಎಣ್ಣೆ, ಬೆಲ್ಲ ಸೇರಿ ಕುದ್ದಿರೋ ಗೊಜ್ಜು, ಅದನ್ನ ಹಿಂದಿನ ವಾರವೇ ಮಾಡಿ ಫ್ರಿಜ್ಜಲ್ಲಿ ಇಡಬಹುದು, ಕಲಸಿ ಎರಡು ಗಂಟೆ ಬಿಟ್ರೆ ರುಚಿ ಇನ್ನೂ ಏರತ್ತೆ. ಗೊಜ್ಜವಲಕ್ಕಿಯೂ ಹಂಗೇ. ಅನ್ನ ಉದುರಾಗಿರ್ಲಿ, ಕುಕ್ಕರಿಂದ ತೆಗೆದ ತಕ್ಷಣ ಅಗಲ ತಟ್ಟೇಲಿ ಹರವಿ ಮೇಲೆ ಎರಡು ಚಮಚ ಎಣ್ಣೆ ಹಾಕಿ ಆರಿಸಿ, ಬಿಸಿ ಇರೋವಾಗ್ಲೇ ಕಲಸಿದ್ರೆ ಮುದ್ದೆ ಆಗತ್ತೆ.

ಬಿಸಿಬೇಳೆಬಾತ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಹೊಸದಾಗಿ ಬಂದವರೆಲ್ಲ ಮೊದಲು ಅದನ್ನೇ ಮಾಡ್ತಾರೆ ಮತ್ತೆ ಎಲ್ಲರದ್ದೂ ಇಟ್ಟಿಗೆ ಆಗತ್ತೆ. ಅನ್ನ ಬೇಳೆ ಎರಡೂ ತಣ್ಣಗಾಗ್ತಾ ನೀರು ಹೀರ್ಕೊಳ್ತಾನೇ ಇರುತ್ವೆ. ಮನೇಲಿ ಸರಿಯಾಗಿದೆ ಅನ್ನಿಸಿದ ಬಾತು ಹಾಲ್‌ಗೆ ಹೋಗೋಷ್ಟರಲ್ಲಿ ಚಾಕು ಕೇಳತ್ತೆ. ಮನೆ ಬಿಡೋವಾಗ ಅದು ಹುಳಿಯಷ್ಟು ತೆಳ್ಳಗೆ, ಸೌಟಿಂದ ಹರಿಯೋ ಹಂಗೆ ಇರ್ಬೇಕು, ನಿಮಗೇ "ಅಯ್ಯೋ ನೀರಾಯ್ತು" ಅನ್ನಿಸ್ಬೇಕು. ಜೊತೆಗೆ ಒಂದು ಫ್ಲಾಸ್ಕಲ್ಲಿ ಉಪ್ಪು, ಚಿಟಿಕೆ ಬಾತ್ ಪುಡಿ ಹಾಕಿದ ಬಿಸಿನೀರು ಇಟ್ಕೊಳ್ಳಿ, ಬಡಿಸೋ ಮುಂಚೆ ಅದನ್ನ ಹುಯ್ದು ಕೆದಕಿ. ತುಪ್ಪದ ಒಗ್ಗರಣೆ ಅಲ್ಲೇ. ಖಾರಾಬೂಂದಿ ಬೇರೆ ಡಬ್ಬೀಲಿ, ಮೊದಲೇ ಉದುರಿಸಿದ್ರೆ ಮೆತ್ತಗಾಗತ್ತೆ. ಮೆಣಸಿನಕಾಯಿ ಬ್ಯಾಡಗೀದೇ ಹಾಕಿ, ಬಣ್ಣ ಕೆಂಪಗೆ ಬರತ್ತೆ, ಖಾರ ಅಷ್ಟು ಇರಲ್ಲ, ಇಲ್ಲಿ ಹುಟ್ಟಿದ ಮಕ್ಕಳೂ ತಿಂತಾವೆ. ಗುಂಟೂರು ಮೆಣಸಿನಕಾಯಿ ಅದೇ ಲೆಕ್ಕದಲ್ಲಿ ಹಾಕಿ ಒಬ್ರು ಇಡೀ ಕ್ಯೂನ ನೀರಿನ ಟೇಬಲ್ ಹತ್ರ ಓಡಿಸಿದ್ದು ನೆನಪಿದೆ, ಅದು ನಮ್ಮನೆಯವರು.

ಕೋಸಂಬರಿಗೆ ಉಪ್ಪು, ನಿಂಬೆಹಣ್ಣು ಮನೇಲಿ ಹಾಕ್ಬೇಡಿ. ಉಪ್ಪು ಬಿದ್ರೆ ಸೌತೆಕಾಯಿ ನೀರು ಬಿಡತ್ತೆ, ಹೆಸರುಬೇಳೆ ಅದರಲ್ಲಿ ಈಜಾಡ್ತಿರತ್ತೆ. ನೆನೆಸಿ ಬಸಿದ ಬೇಳೆ ಒಂದು ಡಬ್ಬಿ, ಹೆಚ್ಚಿದ್ದು ಒಂದು ಡಬ್ಬಿ, ಒಗ್ಗರಣೆ ಒಂದು ಪುಟ್ಟ ಬಟ್ಟಲು, ಕಲಸೋದು ಅಲ್ಲೇ ಐದು ನಿಮಿಷ. ಮೊಸರನ್ನಕ್ಕೆ ಹಾಲು ಜಾಸ್ತಿ, ಮೊಸರು ಕಮ್ಮಿ, ಪೂರ್ತಿ ಆರಿದ ಅನ್ನಕ್ಕೆ ತಣ್ಣಗಿರೋ ಹಾಲು, ಐಸ್ ಬಾಕ್ಸಲ್ಲಿ ತನ್ನಿ. ದಾಳಿಂಬೆ ಮೇಲೆ. ಶಾವಿಗೆ ಪಾಯಸ ಹಾಲು ಕುಡೀತಾ ಹೋಗತ್ತೆ, ಒಂದು ಬಾಟಲಿ ಕಾಯಿಸಿದ ಹಾಲು ಇರ್ಲಿ. ಸಬ್ಬಕ್ಕಿ ಪಾಯಸ ಅಂಟು ಆಗತ್ತೆ, ಬೇಡ. ಹಯಗ್ರೀವ, ಕೇಸರಿಬಾತ್, ಕಾಶಿ ಹಲ್ವ ಏನೂ ತಕರಾರು ಮಾಡಲ್ಲ.

ಬೇಡವೇ ಬೇಡ ಅನ್ನೋವು: ಪೂರಿ, ಸೆಟ್ ದೋಸೆ, ಗೋಳಿಬಜೆ, ಗಿರ್ಮಿಟ್, ಹಸಿ ಕಾಯಿ ಚಟ್ನಿ (ಬಿಸಿಲಲ್ಲಿ ಬೇಗ ಹಳಸತ್ತೆ), ತಿಳಿಸಾರು ಕಾರಿನ ಹಿಂದಿನ ಸೀಟಲ್ಲಿ. ಕೊನೇದು ಅನುಭವದ ಮಾತು. ಇಂಗಿನ ವಾಸನೆ ಕಾರಿಂದ ಹೋಗೋಕೆ ಎರಡು ತಿಂಗಳು ಬೇಕಾಯ್ತು.

ನಿಮ್ಮೂರಿನ ಅಡುಗೆ ತನ್ನಿ

ರಾಜ್ಯೋತ್ಸವದ ಪಾಟ್‌ಲಕ್‌ಗೆ ಮಾತ್ರ ನಮ್ಮದೊಂದು ರೂಲ್ ಇದೆ, ನಿಮ್ಮ ಜಿಲ್ಲೆ ಅಡುಗೆ ತರ್ಬೇಕು. 1956ರ ನವೆಂಬರ್ 1ಕ್ಕೆ ಬೇರೆ ಬೇರೆ ಆಡಳಿತದಲ್ಲಿದ್ದ ಕನ್ನಡದ ಸೀಮೆಗಳು ಒಂದಾದ್ವು, ಈಗ 31 ಜಿಲ್ಲೆ, ಆದ್ರೆ ನಮ್ಮ ಟೇಬಲ್ ನೋಡಿದ್ರೆ ಬರೀ ಬೆಂಗಳೂರು ಮೈಸೂರು ಅನ್ನೋ ಹಂಗಿರತ್ತೆ, ಇದು ಸರಿಯಲ್ಲ. ಹುಬ್ಬಳ್ಳಿ, ಕಲಬುರಗಿ ಕಡೆಯವರು "ನಮ್ ಊಟ ಎಲ್ಲರಿಗೂ ಸೇರತ್ತೋ ಇಲ್ವೋ" ಅಂತ ಸಂಕೋಚ ಪಟ್ಕೊಂಡು ಪುಲಾವ್ ಮಾಡ್ಕೊಂಡು ಬರ್ತಾರೆ. ಯಾಕ್ರೀ? ಕಟಕ್ ಜೋಳದ ರೊಟ್ಟಿಯಷ್ಟು ಪಾಟ್‌ಲಕ್‌ಗೆ ಹೊಂದೋ ವಸ್ತು ಇನ್ನೊಂದಿಲ್ಲ, ಅದು ತಿಂಗಳುಗಟ್ಟಲೆ ಇರತ್ತೆ, ಜೊತೆಗೆ ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿಪುಡಿ ಇದ್ರೆ ಮುಗೀತು. ಶೇಂಗಾ ಹೋಳಿಗೆಯೂ ಅಷ್ಟೇ, ಕೆಡಲ್ಲ. ಮಂಗಳೂರಿನವರು ಬನ್ಸ್ ತರ್ತಾರೆ, ಪತ್ರೊಡೆ ತರ್ತಾರೆ, ಕೊಡಗಿನವರು ಕಡಂಬುಟ್ಟು.

ಮುದ್ದೆ ತರಕ್ಕಾಗಲ್ಲ ಅಂತ ನಾನೂ ಅಂದ್ಕೊಂಡಿದ್ದೆ. ಮಂಡ್ಯದ ಒಂದು ಮನೆಯವರು ತಂದ್ರು. ಪುಟ್ಟ ಪುಟ್ಟದಾಗಿ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಒದ್ದೆ ಬಟ್ಟೆ ಸುತ್ತಿ ಹಾಟ್‌ಬಾಕ್ಸಲ್ಲಿ ಇಟ್ಟು, ಪಕ್ಕದಲ್ಲಿ ಬಸ್ಸಾರು. ಕ್ಯೂ ಬಾಗಿಲವರೆಗೆ. ಇಲ್ಲೇ ಹುಟ್ಟಿದ ಒಂದು ಹುಡುಗಿ, ಎಂಟು ವರ್ಷ ಇರ್ಬೇಕು, ಅದನ್ನ ಚಾಕ್ಲೇಟ್ ಅಂದ್ಕೊಂಡು ಕಚ್ಚಿ ಮುಖ ಸಿಂಡರಿಸಿದ್ಲು. ಆ ಮನೆ ಅಜ್ಜಿ ಪಕ್ಕ ಕೂತು, "ಅಗೀಬ್ಯಾಡ ಕಣವ್ವ, ಮುರಿ, ಸಾರಲ್ಲಿ ಅದ್ದು, ನುಂಗು" ಅಂತ ತೋರಿಸ್ಕೊಟ್ರು. ಹುಡುಗಿ ನುಂಗಿದ್ಲು, ಇನ್ನೊಂದು ಕೇಳಿದ್ಲು. ಅವರಮ್ಮ ಫೋನ್ ಹುಡುಕೋಷ್ಟರಲ್ಲಿ ಅದೂ ಮುಗಿದಿತ್ತು.

ನಾನ್‌ವೆಜ್ ಮಾಡೋವ್ರು ಧಾರಾಳವಾಗಿ ತನ್ನಿ, ಟೇಬಲ್ ಬೇರೆ, ಸೌಟು ಬೇರೆ. ದೇವಸ್ಥಾನದ ಹಾಲಲ್ಲಿ ಇದ್ರೆ ಮಾತ್ರ ನಾನ್‌ವೆಜ್ ಇಲ್ಲ, ಮೊಟ್ಟೆ ಹಾಕಿದ ಕೇಕೂ ಇಲ್ಲ.

ಚೀಟಿ ಅಂಟಿಸಿ. ಇದನ್ನ ಬಿಟ್ಟು ಬೇರೆ ಏನ್ ಮರೆತ್ರೂ ಪರವಾಗಿಲ್ಲ

ನಾವು ಬೆಳೆದ ಕಡೆ ಊಟಕ್ಕೆ ಕೂತಾಗ "ಇದರಲ್ಲಿ ಏನೇನಿದೆ" ಅಂತ ಕೇಳಿದ್ರೆ ಅಡುಗೆಯವರಿಗೆ ಅವಮಾನ. ಅದೇ ಅಭ್ಯಾಸ ನನಗೂ ಇತ್ತು. ಒಂದು ದೀಪಾವಳಿಗೆ ಎಣ್ಣೆಗಾಯಿ ಮಾಡಿದ್ದೆ, ಮಸಾಲೇಲಿ ಹುರಿದ ಕಡಲೆಕಾಯಿ ಬೀಜ, ಎಳ್ಳು, ಕೊಬ್ಬರಿ. ಚೀಟಿ ಗೀಟಿ ಏನೂ ಅಂಟಿಸಿರಲಿಲ್ಲ, ನೋಡಿದ್ರೆ ಬದನೆಕಾಯಿ ಅಂತ ಗೊತ್ತಾಗಲ್ವಾ ಅನ್ನೋ ಜಂಬ. ಬದನೆಕಾಯಿ ಗೊತ್ತಾಗತ್ತೆ, ರುಬ್ಬಿದ ಕಡಲೆಕಾಯಿ ಬೀಜ ಗೊತ್ತಾಗಲ್ಲ. ಒಂದು ಮಗು ಎರಡು ತುತ್ತು ತಿಂದಿತ್ತು, ತುಟಿ ಊದಿಕೊಳ್ತು, ಉಸಿರಾಟ ಸಿಳ್ಳೆ ಥರ ಆಯ್ತು, ಅವರಮ್ಮ ಬ್ಯಾಗಿಂದ ಇಂಜೆಕ್ಷನ್ ಪೆನ್ ತೆಗೆದು ತೊಡೆಗೆ ಚುಚ್ಚಿದ್ರು, 911ಕ್ಕೆ ಫೋನ್ ಮಾಡಿದ್ವಿ. ಮಗು ಹುಷಾರಾಯ್ತು, ಸಂಜೆ ಹೊತ್ತಿಗೆ ಮನೆಗೂ ಬಂತು. ಆ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ. ನಾನು ಆಮೇಲೆ ಒಂದು ವರ್ಷ ಎಣ್ಣೆಗಾಯಿ ಮಾಡಲಿಲ್ಲ.

ಅದಕ್ಕೇ ಹೇಳೋದು, ಕಡಲೆಕಾಯಿ ಬೀಜ, ಗೋಡಂಬಿ ಬಾದಾಮಿ, ಎಳ್ಳು, ಹಾಲು ತುಪ್ಪ, ಗೋಧಿ ಮೈದಾ ರವೆ, ಸೋಯಾ, ಮೊಟ್ಟೆ, ಮೀನು, ಸಿಗಡಿ ಇದ್ರಲ್ಲಿ ಏನಿದ್ರೂ ದಪ್ಪಕ್ಷರದಲ್ಲಿ ಇಂಗ್ಲಿಷಲ್ಲೂ ಬರೀರಿ, ಕನ್ನಡ ಓದಕ್ಕೆ ಬಾರದ ಮಕ್ಕಳೂ ಬೇರೆ ಭಾಷೆಯ ಗೆಳೆಯರೂ ಬರ್ತಾರೆ. ಎಳ್ಳೇನ್ ಮಹಾ ಅನ್ಬೇಡಿ, ಇಲ್ಲಿ 2023ರ ಜನವರಿಯಿಂದ ಪ್ಯಾಕೆಟ್ ಮೇಲೆ ಬರೀಲೇಬೇಕಾದ ಅಲರ್ಜಿ ಪದಾರ್ಥಗಳಲ್ಲಿ ಎಳ್ಳು ಒಂಬತ್ತನೇದು. ಪುಳಿಯೋಗರೆ ಪುಡೀಲಿ ಎಳ್ಳಿದೆ, ಸಂಕ್ರಾಂತಿ ಎಳ್ಳುಬೆಲ್ಲದಲ್ಲಿ ಎಳ್ಳು ಕಡಲೆಕಾಯಿ ಬೀಜ ಎರಡೂ ಇವೆ. ಇನ್ನೊಂದು, ಪುಡಿ ಇಂಗಿಗೆ ಎಷ್ಟೋ ಸಲ ಗೋಧಿಹಿಟ್ಟು ಬೆರೆಸಿರ್ತಾರೆ, ಗೋಧಿ ಆಗದವರಿಗೆ ಮಾಡೋವಾಗ ಡಬ್ಬಿ ಹಿಂದೆ ಓದಿ. ಈರುಳ್ಳಿ ಬೆಳ್ಳುಳ್ಳಿ ಇದ್ಯೋ ಇಲ್ವೋ ಅದನ್ನೂ ಬರೀರಿ. ಮತ್ತೆ ಒಂದು ಟ್ರೇ ಸೌಟನ್ನ ಇನ್ನೊಂದು ಟ್ರೇಗೆ ಹಾಕೋರನ್ನ ಕಂಡ್ರೆ ದೊಡ್ಡವರು ಚಿಕ್ಕವರು ನೋಡ್ದೆ ನಾನು ಬೈತೀನಿ, ಬೇಜಾರು ಮಾಡ್ಕೋಬೇಡಿ.

ಬಿಸಿ, ತಣ್ಣಗೆ, ಕರೆಂಟು

ಬಿಸಿ ಅಡುಗೆ 140 ಫ್ಯಾರನ್‌ಹೀಟ್ ಮೇಲೆ, ತಣ್ಣಗಿರೋದು 40ರ ಕೆಳಗೆ. ಇವೆರಡರ ಮಧ್ಯೆ ಎರಡು ಗಂಟೆಗಿಂತ ಜಾಸ್ತಿ ಹೊತ್ತು ಇಡಬಾರ್ದು, ಬೇಸಿಗೆ ಪಿಕ್ನಿಕ್‌ನಲ್ಲಿ 90 ಡಿಗ್ರಿ ದಾಟಿದ್ರೆ ಒಂದೇ ಗಂಟೆ. "ಊರಲ್ಲಿ ರಾತ್ರಿ ಅನ್ನ ಬೆಳಗ್ಗೆ ಚಿತ್ರಾನ್ನ ಮಾಡ್ತಿರಲಿಲ್ವಾ" ಅಂತೀರಿ, ಗೊತ್ತು, ನಾನೂ ಅಂದಿದ್ದೆ. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೆಂದ್ರೂ ಸಾಯಲ್ಲ, ಹೊರಗಿಟ್ಟ ಅನ್ನದಲ್ಲಿ ಬೆಳೆದು ವಿಷ ಬಿಡುತ್ವೆ, ಮತ್ತೆ ಬಿಸಿ ಮಾಡಿದ್ರೂ ಆ ವಿಷ ಹೋಗಲ್ಲ. ಮನೇಲಿ ನಾಲ್ಕು ಜನಕ್ಕೆ ಹೊಟ್ಟೆ ಕೆಡೋದು ಬೇರೆ, ಕೂಟದ ಎಂಬತ್ತು ಜನಕ್ಕೆ ಕೆಡೋದು ಬೇರೆ. ಹಿಂದಿನ ದಿನದ ಅನ್ನ ಆದ್ರೆ ತೆಳುವಾಗಿ ಹರವಿ ಬೇಗ ಫ್ರಿಜ್ಜಿಗೆ. ಬಿಸಿ ಟ್ರೇ ತರೋಕೆ ಐಸ್ ಹಾಕದ ಐಸ್ ಬಾಕ್ಸು, ಸುತ್ತ ಹಳೇ ಟವೆಲ್ಲು.

ಹಾಲ್ ಅಡುಗೆಮನೇಲಿ ಒಲೆ ಹಚ್ಚೋ ಹಂಗಿಲ್ಲ. ಪ್ಲಗ್ ಇದೆ ಅಂತ ಎಲ್ಲರೂ ಕುಕ್ಕರ್ ಚುಚ್ಚಬೇಡಿ, 15 ಆಂಪ್ ಲೈನು 120 ವೋಲ್ಟಲ್ಲಿ ತಡೆಯೋದು 1800 ವ್ಯಾಟು, ಸಾವಿರ ವ್ಯಾಟಿನ ಎರಡು ಕುಕ್ಕರ್ ಸೇರಿದ್ರೆ ಟ್ರಿಪ್ ಆಗತ್ತೆ. ಮಕ್ಕಳ ಕೋಲಾಟದ ಮಧ್ಯೆ ಹಾಲ್ ಕತ್ತಲಾಗಿದ್ದು ಹಂಗೇ.

ಜೊತೆಗೆ ತರೋದು
ಬಡಿಸೋ ಸೌಟು
ಟೇಪು, ಮಾರ್ಕರ್
ನಿಮ್ಮ ತಟ್ಟೆ ಲೋಟ (ಸ್ಟೀಲಾದ್ರೆ ಒಳ್ಳೇದು)
ಖಾಲಿ ಡಬ್ಬಿ ಎರಡು
ಕಾರಲ್ಲಿ ಟ್ರೇ ಕೆಳಗೆ ಹಾಸೋಕೆ ಬಟ್ಟೆ

ಟೈಮು

ಒಂದು ಗಂಟೆ ಅಂದ್ರೆ ಒಂದು ಗಂಟೆ. ಕೋಸಂಬರಿ ತರೋವ್ರು ಎರಡೂವರೆಗೆ ಬಂದ್ರೆ ಅದನ್ನ ಯಾರ ಎಲೆಗೆ ಬಡಿಸೋದು?

ಊಟ ಆದ್ಮೇಲೆ

ಉಳಿದಿದ್ದನ್ನ ಮೊದಲು ಒಬ್ಬಂಟಿಯಾಗಿರೋ ಸ್ಟೂಡೆಂಟ್ ಹುಡುಗ್ರಿಗೆ ಕಟ್ಟಿಕೊಡಿ, ಆಮೇಲೆ ನಿಮಗೆ. ಟೇಬಲ್ ಒರೆಸೋದು ಕಮಿಟಿ ಕೆಲಸ ಅಲ್ಲ, ಎಲ್ಲರದ್ದು. ಪಾತ್ರೆ ನಿಮ್ಮದೇನಾ ಅಂತ ನೋಡಿ ಎತ್ಕೊಳ್ಳಿ, ಎಲ್ಲರ ಮನೆ ಸ್ಟೀಲೂ ಒಂದೇ ಥರ ಕಾಣತ್ತೆ. ಹೋದ ದೀಪಾವಳಿಗೆ ನಮ್ಮನೆ ಡಬರಿ ಒಂದು ಹೋಗಿದೆ, ಅಮ್ಮ ಕೊಟ್ಟಿದ್ದು, ಕಂಠದ ಹತ್ರ ಚುಕ್ಕಿ ಚುಕ್ಕಿ ಹೊಡೆಸಿ ಹೆಸರು ಹಾಕಿಸಿದೆ, 1996 ಅಂತ ಇದೆ. ಖಾಲಿ ಪಾತ್ರೆ ವಾಪಸ್ ಕೊಡಬಾರ್ದು ಅಂತ ಯಾರಾದ್ರೂ ಇಷ್ಟು ದಿನ ಇಟ್ಕೊಂಡಿದ್ರೆ, ಪರವಾಗಿಲ್ಲ, ಖಾಲೀನೇ ಕೊಡಿ.