ಜರ್ಮನಿಯ ಸರ್ವರ್‌ನಲ್ಲಿ ನನ್ನ ಕೀಲಿಮಣೆ

ಜರ್ಮನಿಯಲ್ಲಿರುವ ವಿಂಡೋಸ್ ಸರ್ವರ್ ಒಂದನ್ನು ಬೆಂಗಳೂರಿನಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ನೋಡಿಕೊಳ್ಳುವ ಹೊಣೆ ನನಗೆ ಬಂದಾಗ, ಸಂಪರ್ಕ ಸಲೀಸಾಗಿ ಸಿಕ್ಕಿತು. ಆದರೆ ಸ್ವಲ್ಪ ಹೊತ್ತಿನ ನಂತರ ಪರದೆ ಲಾಕ್ ಆಗಿ, ಅದೇ ಪಾಸ್‌ವರ್ಡನ್ನು ಮತ್ತೆ ಕೊಟ್ಟರೆ ತಪ್ಪೆಂದು ತೋರಿಸಿತು. ಸಂಪರ್ಕ ಕಡಿದು ಮತ್ತೆ ಸೇರಿ ನೋಟ್‌ಪ್ಯಾಡ್‌ನಲ್ಲಿ ಕೀಲಿಗಳನ್ನು ಒತ್ತಿ ನೋಡಿದಾಗ ಕಾರಣ ಕಂಡಿತು: ವೈ ಒತ್ತಿದರೆ ಝಡ್ ಬರುತ್ತಿತ್ತು, ಶಿಫ್ಟ್ ಹಿಡಿದು 2 ಒತ್ತಿದರೆ ಅಟ್ ಚಿಹ್ನೆಯ ಬದಲು ಉದ್ಧರಣ ಚಿಹ್ನೆ ಮೂಡುತ್ತಿತ್ತು. ಮೊದಲ ಸಲ ಪಾಸ್‌ವರ್ಡ್ ಕೇಳಿದ್ದು ನನ್ನದೇ ಕಂಪ್ಯೂಟರ್, ಎರಡನೆಯ ಸಲ ಕೇಳಿದ್ದು ಸರ್ವರ್.

ರಿಮೋಟ್ ಡೆಸ್ಕ್‌ಟಾಪ್ ಬಳಸುವ ಸಂವಹನ ವಿಧಾನವಾದ ಆರ್‌ಡಿಪಿ ಸಾಮಾನ್ಯವಾಗಿ ಅಕ್ಷರವನ್ನಲ್ಲ, ಒತ್ತಿದ ಕೀಲಿಯ ಸ್ಥಾನಸಂಖ್ಯೆಯನ್ನು ಕಳುಹಿಸುತ್ತದೆ. ಅದು ಯಾವ ಅಕ್ಷರವೆಂದು ತೀರ್ಮಾನಿಸುವುದು ಆ ಕಡೆಯ ಯಂತ್ರದ ಕೀಲಿಮಣೆ ವಿನ್ಯಾಸ, ಅಂದರೆ ಯಾವ ಕೀಲಿಗೆ ಯಾವ ಅಕ್ಷರವೆಂಬ ಲೇಔಟ್. ಸಂಪರ್ಕಿಸುವಾಗ ನಮ್ಮ ವಿನ್ಯಾಸದ ಸಂಖ್ಯೆಯೂ (ಅಮೆರಿಕನ್ ಇಂಗ್ಲಿಷ್‌ಗೆ 409, ಜರ್ಮನ್‌ಗೆ 407) ಹೋಗುತ್ತದೆಯಾದರೂ, ಆ ಸರ್ವರ್‌ನ ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಸೆಟ್ಟಿಂಗ್‌ಗಳ ಸಂಗ್ರಹದಲ್ಲಿ) 'ಇಗ್ನೋರ್ ರಿಮೋಟ್ ಕೀಬೋರ್ಡ್ ಲೇಔಟ್' ಮೌಲ್ಯವನ್ನು 1 ಎಂದು ಇಟ್ಟಿದ್ದರಿಂದ ಅದಕ್ಕೆ ಬೆಲೆಯಿರಲಿಲ್ಲ; ಸರ್ವರ್ ತನ್ನ ಜರ್ಮನ್ ವಿನ್ಯಾಸವನ್ನೇ ಬಳಸುತ್ತಿತ್ತು.

ಅಕ್ಷರ ಅದಲುಬದಲಾದರೆ ಕೈ ಹೇಗೋ ಒಗ್ಗಿಕೊಳ್ಳುತ್ತದೆ. ನನ್ನನ್ನು ನಿಜವಾಗಿ ಕಾಡಿದ್ದು ವಿಂಡೋಸ್‌ಗೆ ಆದೇಶಗಳನ್ನು ಟೈಪ್ ಮಾಡುವ ಪವರ್‌ಶೆಲ್‌ನಲ್ಲಿ ಹೆಜ್ಜೆಹೆಜ್ಜೆಗೂ ಬೇಕಾಗುವ ಪೈಪ್ ಚಿಹ್ನೆ (|). ಜರ್ಮನ್ ಕೀಲಿಮಣೆಯಲ್ಲಿ ಅದು ಎಡ ಶಿಫ್ಟ್‌ನ ಪಕ್ಕದ ಹೆಚ್ಚುವರಿ ಕೀಲಿಯಲ್ಲಿದೆ, ನಮ್ಮಲ್ಲಿ ಮಾರಾಟವಾಗುವ ಬಹುತೇಕ ಕೀಲಿಮಣೆಗಳಲ್ಲಿ ಆ ಕೀಲಿಯೇ ಇಲ್ಲ. ಅದನ್ನು ಕ್ಲಿಪ್‌ಬೋರ್ಡ್‌ನಿಂದ ಅಂಟಿಸುತ್ತಾ ಒಂದು ದಿನ ಕಳೆದೆ.

ರಿಜಿಸ್ಟ್ರಿ ಮೌಲ್ಯವನ್ನು ಬದಲಿಸಬಹುದಿತ್ತು. ಆದರೆ ಅಲ್ಲಿನ ಸಹೋದ್ಯೋಗಿಗಳೂ ಅದೇ ಸರ್ವರ್ ಬಳಸುವುದರಿಂದ ನಾನದನ್ನು ಮುಟ್ಟಲಿಲ್ಲ. ನನ್ನ ಖಾತೆಗೆ ಮಾತ್ರ ಅಮೆರಿಕನ್ ವಿನ್ಯಾಸವನ್ನು ಸೇರಿಸಿ, ವಿಂಡೋಸ್ ಕೀಲಿಯೊಡನೆ ಸ್ಪೇಸ್ ಒತ್ತಿ ಬದಲಿಸಿಕೊಳ್ಳತೊಡಗಿದೆ. ಇಲ್ಲೊಂದು ತೊಡಕಿದೆ: ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಈ ಜೋಡಿಕೀಲಿಗಳು ಪೂರ್ಣಪರದೆಯಲ್ಲಿದ್ದಾಗ ಮಾತ್ರ ಸರ್ವರನ್ನು ತಲುಪುತ್ತವೆ, ಕಿಟಕಿಯನ್ನು ಚಿಕ್ಕದಾಗಿಸಿದ್ದರೆ ಬದಲಾಗುವುದು ನಮ್ಮ ಯಂತ್ರದ ವಿನ್ಯಾಸವೇ. ಲಾಕ್ ಪರದೆಯ ಮೂಲೆಯ ಭಾಷಾಸೂಚಕವನ್ನು ನೋಡಿಯೇ ಪಾಸ್‌ವರ್ಡ್ ಕೊಡುವುದನ್ನೂ ರೂಢಿಸಿಕೊಂಡೆ.

ಮನೆಯಿಂದ ಕಚೇರಿಯ ಕಂಪ್ಯೂಟರ್‌ನಲ್ಲಿ ಕನ್ನಡ ಬರೆಯುವಾಗಲೂ ಇದೇ ತಿಳಿವಳಿಕೆ ನೆರವಾಯಿತು. ಸಂಪರ್ಕ ಸಿಕ್ಕ ಮೇಲೆ ನನ್ನ ಕಡೆ ಕನ್ನಡದ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ಆಯ್ದು 'ಪ' ಒತ್ತಿದರೆ ಅಲ್ಲಿ ಇಂಗ್ಲಿಷಿನ ಎಚ್ ಮೂಡುತ್ತಿತ್ತು. ಇನ್‌ಸ್ಕ್ರಿಪ್ಟನ್ನು ಕಚೇರಿಯ ಯಂತ್ರದಲ್ಲೇ ಸೇರಿಸಿ, ಅಲ್ಲೇ ಬದಲಿಸಿದ ಮೇಲೆ ಸರಿಹೋಯಿತು. ದೂರದ ಯಂತ್ರ ಬಳಸುವ ಇನ್ನೊಂದು ವ್ಯವಸ್ಥೆಯಾದ ವಿಎನ್‌ಸಿಯ ಮೂಲ ವಿಧಾನದಲ್ಲಿ ಮಾತ್ರ ಹೋಗುವುದು ಕೀಲಿಯ ಸ್ಥಾನವಲ್ಲ, ಅಕ್ಷರದ ಸಂಕೇತ; ಆದ್ದರಿಂದ ಅಲ್ಲಿ ವಿನ್ಯಾಸವನ್ನು ಮೊದಲು ನನ್ನ ಕಡೆಯೇ ಆರಿಸಿಕೊಳ್ಳುತ್ತೇನೆ.