ಮುರಕಲ್ಲ ಪಾದೆಯಲ್ಲಿ ಪಳಗಿ ಮಂಗಳದ ನೆಲ ಓದಿದ್ದು

ಮಂಗಳ ಗ್ರಹದ ಗಾಳಿ ತೆಳು, ನಮ್ಮದು ದಪ್ಪ. ಕಾಸರಗೋಡಿನ ಬದಿಯಡ್ಕದ ಮುರಕಲ್ಲಿನ (ಲ್ಯಾಟರೈಟ್) ಬಿಸಿ ಅಳೆದು ಅಲ್ಲಿನ ನೆಲ ಓದಲಾಗದು ಎಂದವರೇ ಹೆಚ್ಚು. ಥರ್ಮಲ್ ಇನರ್ಷಿಯಾದ (ಬಿಸಿಯಾಗಲು, ತಣ್ಣಗಾಗಲು ನೆಲ ತೋರುವ ನಿಧಾನ) ಅಂಕಿ ಹೊಂದುವುದಿಲ್ಲ, ನಿಜ. ಹೊಂದುವುದು ಕ್ರಮ. ಬೆಳಗಿನ ಜಾವ ಪಾದೆ (ಬಂಡೆ) ಬಿಸಿ, ಹೊಯ್ಗೆ (ಮರಳು) ಅದಕ್ಕಿಂತ 3–4 ಡಿಗ್ರಿ ಕಡಿಮೆ, ಮುರಕಲ್ಲ ಪುಡಿ ಎಲ್ಲಕ್ಕಿಂತ ತಣ್ಣಗೆ. ಒಣಗಾಲದಲ್ಲಿ ಈ ಕ್ರಮ ತಪ್ಪದೆ ಬಂತು.

8–14 ಮೈಕ್ರಾನಿನ (ಶಾಖದ ಕಿರಣ ಹಿಡಿಯುವ) ಹಳೆಯ ಕ್ಯಾಮೆರಾಕ್ಕೆ ಸುಮಾರು 35 ಸಾವಿರ ರೂಪಾಯಿ. ಅದರ ನಿಖರತೆ ±2 ಡಿಗ್ರಿ, ಹಾಗಾಗಿ ಚೌಕಟ್ಟಿನೊಳಗೇ ನೀರಿನ ಬಕೆಟ್ ಮತ್ತು ಥರ್ಮಾಮೀಟರ್ ಇಡಬೇಕು. ನೀರು ಕಲಕುತ್ತಿರಿ, ಸುಮ್ಮನೆ ಬಿಟ್ಟರೆ ಆವಿಯಾಗಿ ಮೇಲ್ಪದರ ತಣ್ಣಗಾಗುತ್ತದೆ, ಲೆಕ್ಕ ಕೆಡುತ್ತದೆ. ಆಕಾಶದ ಪ್ರತಿಫಲನ ತಿಳಿಯಲು ಮುದುಡಿದ ಅಲ್ಯೂಮಿನಿಯಂ ಫಾಯಿಲ್, ಎಮಿಸಿವಿಟಿಗೆ (ಮೇಲ್ಮೈ ಶಾಖ ಸೂಸುವ ಪ್ರಮಾಣ) ಕಪ್ಪು ಇನ್ಸುಲೇಷನ್ ಟೇಪ್ (ಸುಮಾರು 0.95). ಕ್ಯಾಮೆರಾ ಕಾಲು ಗಂಟೆ ಚಾಲೂ ಇದ್ದ ಮೇಲೆಯೇ ಓದು.

ಹೊಯ್ಗೆಯನ್ನು ಪಾದೆಯ ಮೇಲೆಯೇ ಒಂದು ಅಡಿ ದಪ್ಪ, ಒಂದು ಮೀಟರ್ ಅಗಲ ಹರಡಬೇಕು. ಮಂಜೇಶ್ವರದ ಕಡಲತಡಿಯಲ್ಲಿ ಒಂದು, ಗುಡ್ಡದಲ್ಲಿ ಇನ್ನೊಂದು ಅಳೆದರೆ ಗಾಳಿ ಬೇರೆ, ತೇವ ಬೇರೆ. ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಇಬ್ಬನಿ. ಅದು ಕೂರುವಾಗ ಬಿಡುವ ಶಾಖ ನೆಲವನ್ನು ಬೆಚ್ಚಗಿಟ್ಟು, ಪುಡಿಯೂ ಕಲ್ಲಿನಂತೆ ಕಾಣುತ್ತದೆ. ಜನವರಿ–ಫೆಬ್ರವರಿ ಬಿಟ್ಟರೆ ಇಲ್ಲಿ ಇದನ್ನು ಮಾಡಬೇಡಿ. ಮಧ್ಯಾಹ್ನದ ಓದಿಗೆ ಆಲ್ಬೆಡೊ (ಬಿಸಿಲನ್ನು ಹಿಂದಕ್ಕೆ ಎಸೆಯುವ ಪ್ರಮಾಣ) ತಿದ್ದುಪಡಿ ಬೇಕೇ ಬೇಕು: ಕಪ್ಪು ಮುರಕಲ್ಲು ಬಿಸಿಲನ್ನು ಹೀರುತ್ತದೆ, ಬಿಳಿ ಹೊಯ್ಗೆ ಎಸೆಯುತ್ತದೆ. ತಿದ್ದುವ ನನ್ನ ಕೋಷ್ಟಕವನ್ನು ಸದ್ಯಕ್ಕೆ ಕೊಡುವುದಿಲ್ಲ.

ನಡುವೆ ಇನ್ನೊಂದನ್ನೂ ನೋಡಿದೆ. ಜರಡಿ ಹಿಡಿದ ಒಣ ಮುರಕಲ್ಲ ಪುಡಿಯನ್ನು ಪಾದೆಯ ಮೇಲೆ ಬೇರೆಬೇರೆ ದಪ್ಪಕ್ಕೆ ಹಾಸಿದರೆ, ಅರ್ಧ ಇಂಚಿಗೇ ಕಲ್ಲಿನ ಬಿಸಿ ಮಂಕಾಗುತ್ತದೆ. ನಾಲ್ಕಿಂಚಿಗೆ ಅಡಿಯಲ್ಲಿ ಕಲ್ಲಿದೆಯೆಂಬ ಸುಳಿವೇ ಉಳಿಯದು. ಮಂಗಳದ ಧೂಳು ಶಾಖವನ್ನು ಇನ್ನೂ ಕಡಿಮೆ ಸಾಗಿಸುವುದರಿಂದ ಅಲ್ಲಿ ಒಂದೆರಡು ಸೆಂಟಿಮೀಟರೇ ಸಾಕು. ಮಂಗಳದ ಶಾಖದ ರಾತ್ರಿಚಿತ್ರದಲ್ಲಿ ಕಪ್ಪಾಗಿ, ಅಂದರೆ ತಣ್ಣಗೆ, ಕಂಡ ಕಡೆಯೆಲ್ಲ ಆಳದವರೆಗೂ ಧೂಳು ಎಂದು ಬರೆಯುವವರು ಇದನ್ನು ಒಮ್ಮೆ ಮಾಡಿ ನೋಡಬೇಕು.

ಆಮೇಲೆ ಮಂಗಳದ ನಕ್ಷೆ ತೋರಿಸುವ ತಂತ್ರಾಂಶ ಜೆಮಾರ್ಸ್‌ನಲ್ಲಿ ಮಾರ್ಸ್ ಒಡಿಸ್ಸಿ ನೌಕೆಯ ಶಾಖದ ಕ್ಯಾಮೆರಾ ಥೆಮಿಸ್ ತೆಗೆದ ರಾತ್ರಿಚಿತ್ರ ತೆರೆಯಿರಿ. ಒಂದು ಪಿಕ್ಸೆಲ್ ಎಂದರೆ 100 ಮೀಟರ್. ಎಸ್‌ಐ ಮಾನದಲ್ಲಿ ಧೂಳಿನ ಇನರ್ಷಿಯಾ 100ಕ್ಕಿಂತ ಕೆಳಗೆ, ಹೊಯ್ಗೆಯದು 200ರ ಆಸುಪಾಸು, ಗಟ್ಟಿ ಪಾದೆಯದು 1200 ದಾಟುತ್ತದೆ. 400–600 ಬಂದರೆ ಮಾತ್ರ ಕಷ್ಟ: ಕಲ್ಲುಚೂರು ಬೆರೆತ ಹೊಯ್ಗೆಯೋ, ಅಂಟಿ ಗಟ್ಟಿಯಾದ ಹೊಯ್ಗೆಯೋ ಹೇಳಲಾಗದು. ಪರೀಕ್ಷೆಗೆ ಮಂಗಳದ ಗೇಲ್ ಕುಳಿ ಒಳ್ಳೆಯದು. 2012ರಲ್ಲಿ ನಾಸಾದ ಕ್ಯೂರಿಯಾಸಿಟಿ ರೋವರ್ ಇಳಿದ ಕಡೆ ಇನರ್ಷಿಯಾ ಹೆಚ್ಚಿರುವ ಒಂದು ಪಟ್ಟಿ ಕಕ್ಷೆಯಿಂದಲೇ ಕಂಡಿತ್ತು. 2013ರಲ್ಲಿ ರೋವರ್ ಅಲ್ಲಿ, ಯೆಲ್ಲೋನೈಫ್ ಬೇಯಲ್ಲಿ, ಕೊರೆದಾಗ ಸಿಕ್ಕಿದ್ದು ಕೆಸರುಗಲ್ಲು. ಆ ಪಟ್ಟಿಯ ಅಂಚನ್ನು ಹೆಸರು ನೋಡದೆ ಗುರುತಿಸಲು ಬಂದರೆ ಬೇರೆ ಕುಳಿಗೆ ಹೋಗಬಹುದು.